ಯಾವ ಊರಿನ ಶಾಲೆ ಜಾಸ್ತಿ ಕೊಡುತ್ತದೆ ಎಂದು ಕೇಳಿದ ತಂಗಿಗೆ

ನೀನು ಬರೆದದ್ದನ್ನು ಎರಡು ಸಲ ಓದಿದೆ. ಅಕ್ಕ ಅಂತ ಕರೆದಿದ್ದೀಯ, ಅದಕ್ಕೇ ನಾನೂ ನೀನು ಅಂತಲೇ ಬರೆಯುತ್ತೇನೆ. ದಾವಣಗೆರೆಯಲ್ಲಿ ಆರು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟಿದ್ದೀಯ. ಬಿಎಸ್ಸಿ, ಬಿಎಡ್ ಆಗಿದೆ. ಯಜಮಾನರು ಕಂಪನಿಯೇ ವರ್ಗ ಮಾಡಿ ಕಳಿಸುವ ಎಲ್-1 ವೀಸಾದಲ್ಲಿ ಅಮೆರಿಕಕ್ಕೆ ಬಂದಿದ್ದಾರೆ, ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ ಆಫೀಸು, ಮಗಳು ಎರಡನೇ ಕ್ಲಾಸು. ಟೀಚರ್ ರಜೆ ಹಾಕಿದಾಗ ಅವರ ಬದಲಿಗೆ ಹೋಗುವ ಸಬ್ ಕೆಲಸ ಮಾಡಬೇಕೆಂದಿದ್ದೀಯ. ಆದರೆ ದಿನದ ಸಂಬಳಕ್ಕೆ ಒಬ್ಬೊಬ್ಬರು ಒಂದೊಂದು ರೇಟು ಹೇಳುತ್ತಾರೆ, ಯಾಕೆ ಹೀಗೆ, ಜಾಸ್ತಿ ಕೊಡುವ ಊರಲ್ಲೇ ಮನೆ ಹಿಡಿಯೋಣ್ವಾ ಅಂತ ಕೇಳಿದ್ದೀಯ. ನಾನು ಫ್ರೀಮಾಂಟ್‌ನಲ್ಲಿದ್ದುಕೊಂಡು 2016ರಿಂದ ಇದೇ ಕೆಲಸ ಮಾಡುತ್ತಿದ್ದೇನೆ. ನನ್ನ ಮಾತು ಮೊದಲೇ ಹೇಳಿಬಿಡುತ್ತೇನೆ: ರೇಟು ನೋಡಿ ಮನೆ ಹಿಡಿಯಬೇಡ.

ಯಾಕೆ ಅಂತ ಹೇಳುವ ಮುಂಚೆ ವೀಸಾ ವಿಷಯ. ನಿನ್ನ ಐ-94, ಅಂದರೆ ಈ ದೇಶದೊಳಗೆ ಬಂದ ದಾಖಲೆಯ ಕಾಗದ, ತೆಗೆದು ನೋಡು. ಅದರಲ್ಲಿ ಎಲ್-2ಎಸ್, ಅಂದರೆ ಎಲ್-1ನವರ ಹೆಂಡತಿ ಅಥವಾ ಗಂಡ, ಅಂತ ಇದ್ದರೆ ಬೇರೆ ಅನುಮತಿ ಕಾರ್ಡಿಗೆ ಕಾಯದೆ ಕೆಲಸಕ್ಕೆ ಸೇರಬಹುದು. 2021ರ ನವೆಂಬರ್‌ನಿಂದ ಹೀಗಾಗಿದೆ. ನಾನು ಎಚ್-4ರಲ್ಲಿ, ಅಂದರೆ ಎಚ್-1ಬಿ ಕೆಲಸದ ವೀಸಾದವರ ಹೆಂಡತಿಯಾಗಿ, 2009ರಲ್ಲಿ ಬಂದವಳು. ಆಗ ಎಚ್-4ನವರಿಗೆ ಕೆಲಸದ ಅವಕಾಶವೇ ಇರಲಿಲ್ಲ. 2015ರ ಮೇ ತಿಂಗಳಲ್ಲಿ, ಅದೂ ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದವರಿಗೆ ಮಾತ್ರ, ಬಾಗಿಲು ತೆರೆಯಿತು. ಆ ವರ್ಷಗಳಲ್ಲೆಲ್ಲ ಮಗನ ಶಾಲೆಗೆ ಹೋಗಿ ಮಕ್ಕಳ ಜೊತೆ ಕೂತು ಪುಸ್ತಕ ಓದಿಸಿ ಬರುತ್ತಿದ್ದೆ. ಪಾಠ ಮಾಡಿದವರಿಗೆ ಪಾಠ ಮಾಡದೆ ಇರುವುದು ಎಷ್ಟು ಕಷ್ಟ ಅಂತ ನಿನಗೆ ಗೊತ್ತು. ಅದಕ್ಕೇ ಹೇಳುತ್ತೇನೆ, ಯಜಮಾನರು ಮುಂದೆ ಎಚ್-1ಬಿಗೆ ಬದಲಾಯಿಸಿದರೆ ನೀನು ಎಚ್-4 ಆಗುತ್ತೀಯ, ನಿನ್ನ ಕೆಲಸ ಅಲ್ಲಿಗೇ ನಿಲ್ಲಬಹುದು. ಆ ತೀರ್ಮಾನ ಇಬ್ಬರೂ ಕೂತು ಮಾಡಿ.

ಈಗ ರೇಟಿನ ವಿಷಯ. ನಮ್ಮಲ್ಲಿ ಸರ್ಕಾರಿ ಶಾಲೆಯ ಅತಿಥಿ ಶಿಕ್ಷಕರ ಗೌರವಧನವನ್ನು ರಾಜ್ಯ ಸರ್ಕಾರವೇ ಗೊತ್ತು ಮಾಡುತ್ತದೆ. ಪ್ರಾಥಮಿಕ ಶಾಲೆಗೆ ಇಷ್ಟು, ಪ್ರೌಢಶಾಲೆಗೆ ಇಷ್ಟು. ಬೀದರಿಗೂ ಅಷ್ಟೇ, ಬೆಂಗಳೂರಿಗೂ ಅಷ್ಟೇ. ಆ ಲೆಕ್ಕ ತಲೆಯಲ್ಲಿಟ್ಟುಕೊಂಡು ಬಂದರೆ ಇಲ್ಲಿ ತಬ್ಬಿಬ್ಬಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಸಬ್ ಆಗಲು ಬೇಕಾದ ಪರ್ಮಿಟ್ ಕೊಡುವುದು ರಾಜ್ಯ, ದಿನದ ರೇಟು ಇಡುವುದು ಮಾತ್ರ ಸ್ಕೂಲ್ ಡಿಸ್ಟ್ರಿಕ್ಟ್, ಅಂದರೆ ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆ. ಡಿಸ್ಟ್ರಿಕ್ಟ್ ಅಂದರೆ ನಮ್ಮ ಜಿಲ್ಲೆಯ ಹಾಗೆ ದೊಡ್ಡದು ಅಂದ್ಕೋಬೇಡ. ಸ್ಯಾನ್ ಹೋಸೆ ಒಂದೇ ನಗರದೊಳಗೆ ಹತ್ತಕ್ಕಿಂತ ಜಾಸ್ತಿ ಡಿಸ್ಟ್ರಿಕ್ಟ್‌ಗಳಿವೆ. ನಿಮ್ಮ ಸನ್ನಿವೇಲ್‌ನಲ್ಲೇ ಎಂಟನೇ ಕ್ಲಾಸಿನವರೆಗಿನ ಹೆಚ್ಚಿನ ಶಾಲೆಗಳು ಒಂದು ಡಿಸ್ಟ್ರಿಕ್ಟಿನವು, ಹೈಸ್ಕೂಲುಗಳು ಇನ್ನೊಂದರವು. ಆ ಹೈಸ್ಕೂಲ್ ಡಿಸ್ಟ್ರಿಕ್ಟಿನ ಹೆಸರು ಫ್ರೀಮಾಂಟ್ ಯೂನಿಯನ್. ನಮ್ಮ ಫ್ರೀಮಾಂಟ್ ಊರಿಗೂ ಅದಕ್ಕೂ ಸಂಬಂಧವೇ ಇಲ್ಲ. ನಮ್ಮೂರಿನದು ಫ್ರೀಮಾಂಟ್ ಯೂನಿಫೈಡ್. ರೇಟು ನೋಡುವಾಗ ಹೊಸಬರು ಎರಡನ್ನೂ ಕಲಸಿಬಿಡುತ್ತಾರೆ, ನೀನು ಪೂರ್ತಿ ಹೆಸರು ಓದು. ರಸ್ತೆಯ ಈ ಕಡೆ ಒಂದು ರೇಟು, ಆ ಕಡೆ ಇನ್ನೊಂದು ಇರುವುದು ಇದರಿಂದಲೇ.

ಶ್ರೀಮಂತ ಊರಿನವರು ಜಾಸ್ತಿ ಕೊಡುತ್ತಾರೆ ಅನ್ನುವುದು ಅರ್ಧ ಸತ್ಯ. ಪಾಲೋ ಆಲ್ಟೋದಂಥ ಕಡೆ ಮನೆ ತೆರಿಗೆಯಿಂದಲೇ ಶಾಲೆಗೆ ಬೇಕಾದಷ್ಟು ದುಡ್ಡು ಬರುತ್ತದೆ, ನಿಜ. ಆದರೆ ಒಳ್ಳೆಯ ಹೆಸರಿರುವ, ಮಕ್ಕಳು ಮಾತು ಕೇಳುವ ಶಾಲೆಗೆ ಸಬ್‌ಗಳು ತಾವಾಗಿಯೇ ಬರುತ್ತಾರೆ. ರೇಟು ಏರಿಸುವ ತುರ್ತು ಅವರಿಗೆ ಇರುವುದಿಲ್ಲ. ಜನ ಸಿಗದೆ ಒದ್ದಾಡುವ ಶಾಲೆಗಳು ಜಾಸ್ತಿ ಕೊಟ್ಟು ಕರೆಯುತ್ತವೆ. ಕೆಲವು ಕಡೆ ಸೋಮವಾರ, ಶುಕ್ರವಾರಕ್ಕೆ ಮೇಲೆ ಇಷ್ಟು ಅಂತ ಸೇರಿಸುತ್ತಾರೆ, ಆ ದಿನಗಳಲ್ಲೇ ಟೀಚರ್‌ಗಳ ರಜೆ ಜಾಸ್ತಿ. ಕೋವಿಡ್ ಮುಗಿದು ಶಾಲೆ ತೆರೆದಾಗ ಸಬ್‌ಗಳೇ ಇಲ್ಲದಂತಾಗಿ ಎಷ್ಟೋ ಡಿಸ್ಟ್ರಿಕ್ಟ್‌ಗಳು ರೇಟು ಏರಿಸಿದವು. ಯೂನಿಯನ್ ಇದ್ದರೆ ಅದರ ಮಾತೂ ರೇಟಿಗೆ ಸೇರುತ್ತದೆ. ಲಾಸ್ ಏಂಜಲೀಸ್‌ನ ದೊಡ್ಡ ಡಿಸ್ಟ್ರಿಕ್ಟಿನಲ್ಲಿ ಸಬ್‌ಗಳ ಪರವಾಗಿಯೂ ಟೀಚರ್‌ಗಳ ಯೂನಿಯನ್ನೇ ಮಾತಾಡುತ್ತದೆ. ಹೆಚ್ಚಿನ ಚಿಕ್ಕ ಡಿಸ್ಟ್ರಿಕ್ಟ್‌ಗಳಲ್ಲಿ ನಮ್ಮ ಪರ ಮಾತಾಡುವವರು ಯಾರೂ ಇಲ್ಲ, ಬೋರ್ಡು ಇಟ್ಟದ್ದೇ ರೇಟು. ಇದು ನನಗೆ ಇವತ್ತಿಗೂ ಸರಿ ಅನ್ನಿಸುವುದಿಲ್ಲ. ಅದೇ ಮಕ್ಕಳು, ಅದೇ ಆರು ಗಂಟೆ.

ಬೇರೆ ರಾಜ್ಯಗಳಲ್ಲಿ ಬೇರೆ ಥರ. ಆರೆಗಾನ್‌ನಲ್ಲಿ ಸಬ್‌ಗಳ ಕನಿಷ್ಠ ದಿನಗೂಲಿ ಕಾನೂನಿನಲ್ಲೇ ಇದೆ: ಹೊಸ ಟೀಚರ್ ಒಬ್ಬರ ರಾಜ್ಯದ ಸರಾಸರಿ ವಾರ್ಷಿಕ ಸಂಬಳವನ್ನು 190ರಿಂದ ಭಾಗಿಸಿ, ಬಂದದ್ದರಲ್ಲಿ ಶೇಕಡ 85ಕ್ಕೆ ಕಡಿಮೆ ಕೊಡುವ ಹಾಗಿಲ್ಲ. ಎಲ್ಲ ಕಡೆಯೂ ಇಂಥದ್ದೊಂದು ಇರಬೇಕಿತ್ತು. ಟೆಕ್ಸಾಸ್‌ನಲ್ಲಿ ರಾಜ್ಯದ ಸಬ್ ಪರ್ಮಿಟ್ಟೇ ಇಲ್ಲ, ಓದು ಎಷ್ಟಿರಬೇಕು ಅನ್ನುವುದನ್ನೂ ಡಿಸ್ಟ್ರಿಕ್ಟೇ ಹೇಳುತ್ತದೆ. ಹಾಗಾಗಿ ಡಲ್ಲಾಸ್‌ನಲ್ಲಿರುವ ನಿನ್ನ ಗೆಳತಿ ಹೇಳಿದ ರೇಟನ್ನು ಇಲ್ಲಿಯದರ ಪಕ್ಕ ಇಟ್ಟು ನೋಡಿ ಬೇಜಾರಾಗಬೇಡ. ಅಲ್ಲಿಯ ಬಾಡಿಗೆ ಬೇರೆ, ಇಲ್ಲಿಯದೇ ಬೇರೆ.

ನೀನು ಗಣಿತದವಳು, ಲೆಕ್ಕದಲ್ಲೇ ಹೇಳುತ್ತೇನೆ. ಒಂದು ಡಿಸ್ಟ್ರಿಕ್ಟ್ ದಿನಕ್ಕೆ 240 ಡಾಲರ್ ಕೊಡುತ್ತದೆ, ಇನ್ನೊಂದು 190 ಅಂತ ಇಟ್ಕೋ. ಮೊದಲನೆಯದು ದೂರ, ವರ್ಷಕ್ಕೆ 60 ದಿನ ಹೋಗಲು ಆಯಿತು. ಕೈಗೆ 14,400. ಎರಡನೆಯದು ಮನೆ ಹತ್ತಿರ, 110 ದಿನ ಹೋದೆ. 20,900. ರೇಟು ಕಡಿಮೆ ಇದ್ದದ್ದೇ ಜಾಸ್ತಿ ತಂದುಕೊಟ್ಟಿತು. ದೂರದ್ದಕ್ಕೆ ಪೆಟ್ರೋಲು, ಸೇತುವೆ ಟೋಲು ಇನ್ನೂ ಕಳೆದಿಲ್ಲ. ನಾನು ಒಂದು ವರ್ಷ ರೇಟಿನ ಆಸೆಗೆ ಡಂಬಾರ್ಟನ್ ಸೇತುವೆ ದಾಟಿ ಹೋಗುತ್ತಿದ್ದೆ. ಆ ಸೇತುವೆಗೆ 2025ರಲ್ಲಿ ಟೋಲು 8 ಡಾಲರ್ ಆಯಿತು. ಸಂಜೆ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ಮಗನನ್ನು ಶಾಲೆ ಬಿಟ್ಟ ಮೇಲೆ ನೋಡಿಕೊಳ್ಳುವವರಿಗೆ ಬೇರೆ ದುಡ್ಡು. ಇನ್ನೊಂದು ವಿಷಯ. ಕರೆ ಬರುವುದು ಬೆಳಿಗ್ಗೆ ಐದೂವರೆ, ಆರಕ್ಕೆ. ಫೋನಿನ ಆ್ಯಪ್‌ನಲ್ಲಿ ಕೆಲಸ ಕಂಡ ಕೂಡಲೇ ಒಪ್ಪಿಕೊಳ್ಳಬೇಕು. ಶಾಲೆ ಹತ್ತು ನಿಮಿಷದ ದಾರಿಯಲ್ಲಿದ್ದರೆ ಒಪ್ಪುತ್ತೀಯ. ಒಂದು ಗಂಟೆ ದಾರಿಯಾದರೆ ಮಗಳ ತಿಂಡಿ ಡಬ್ಬಿ ನೋಡಿಕೊಂಡು ಬೇಡ ಅನ್ನುತ್ತೀಯ.

ದಿನದ ರೇಟಿನ ಹಿಂದೆ ಇರುವ ನಿಯಮಗಳನ್ನೂ ಓದು. ಅರ್ಧ ದಿನ ಅಂದರೆ ಎಷ್ಟು ಗಂಟೆ, ಅದಕ್ಕೆ ಎಷ್ಟು. ಲಾಂಗ್ ಟರ್ಮ್ ರೇಟು ಎಷ್ಟನೇ ದಿನದಿಂದ. ಇದನ್ನು ನಾನು ಕಷ್ಟಪಟ್ಟು ಕಲಿತೆ. 2018ರಲ್ಲಿ ಒಬ್ಬ ಟೀಚರ್ ಹೆರಿಗೆ ರಜೆ ಮೇಲೆ ಹೋದರು, ಆರನೇ ಕ್ಲಾಸಿನ ಗಣಿತ ನನಗೆ ಸಿಕ್ಕಿತು. ಆ ಡಿಸ್ಟ್ರಿಕ್ಟಿನಲ್ಲಿ ಒಂದೇ ಕ್ಲಾಸಿಗೆ ಸತತ 20 ದಿನ ಹೋದರೆ 21ನೇ ದಿನದಿಂದ ಜಾಸ್ತಿ ರೇಟು. ಪಾಠ ತಯಾರಿ, ತಿದ್ದುವುದು, ಅಪ್ಪ ಅಮ್ಮಂದಿರಿಗೆ ಉತ್ತರ ಬರೆಯುವುದು, ಎಲ್ಲ ನಾನೇ ಮಾಡಿದೆ. ಹದಿನೆಂಟು ದಿನ ಆಗಿತ್ತು, ಮಗನಿಗೆ ಜ್ವರ ಬಂತು, ಒಂದು ದಿನ ರಜೆ ಹಾಕಿದೆ. ಲೆಕ್ಕ ಮತ್ತೆ ಒಂದರಿಂದ ಶುರುವಾಯಿತು. ಸಂಬಳದ ಚೀಟಿ ಬಂದ ಮೇಲೆ ಗೊತ್ತಾಯಿತು, ಮುಂಚೆ ಯಾರೂ ಹೇಳಿರಲಿಲ್ಲ. ಅವತ್ತು ಪಾರ್ಕಿಂಗ್‌ನಲ್ಲಿ ಕಾರಿನೊಳಗೆ ಕೂತು ಅತ್ತಿದ್ದೆ. ಕೆಲವು ಕಡೆ 20 ದಿನ ಮುಗಿದರೆ ಮೊದಲ ದಿನದಿಂದಲೇ ಲೆಕ್ಕ ಹಾಕಿ ಬಾಕಿ ಕೊಡುತ್ತಾರೆ, ಕೆಲವು ಕಡೆ ಇಲ್ಲ. ಒಪ್ಪಿಕೊಳ್ಳುವ ಮುಂಚೆಯೇ ಕೇಳು, ಬರವಣಿಗೆಯಲ್ಲಿ ತಗೋ. ಮತ್ತೆ, ನಿನಗೆ ಸಿಗುವುದು 30 ದಿನದ ಪರ್ಮಿಟ್ ಅಂತ ಕರೆಯುವುದು. ಒಬ್ಬ ಟೀಚರ್ ಬದಲಿಗೆ ಒಂದು ಶಾಲಾ ವರ್ಷದಲ್ಲಿ ಎಷ್ಟು ದಿನ ಹೋಗಬಹುದು ಅನ್ನುವುದಕ್ಕೆ ಮಿತಿ ಇದೆ, ಈಗಿನದು ಎಷ್ಟು ಅಂತ ಕೇಳಿ ತಿಳಿದುಕೋ.

ಶಾಲೆ ನಡೆಯುವುದು ವರ್ಷಕ್ಕೆ 180 ದಿನ. ಥ್ಯಾಂಕ್ಸ್‌ಗಿವಿಂಗ್ ವಾರ, ಡಿಸೆಂಬರ್ ರಜೆ, ಬೇಸಿಗೆ ರಜೆ, ಇವಕ್ಕೆ ಸಂಬಳ ಇಲ್ಲ. ಕ್ಯಾಲಿಫೋರ್ನಿಯಾ ಕಾನೂನಿನ ಪ್ರಕಾರ 2024ರಿಂದ ವರ್ಷಕ್ಕೆ 40 ಗಂಟೆ ಕಾಯಿಲೆ ರಜೆಗೆ ಸಂಬಳ ಇದೆ, ಅದನ್ನು ಕೇಳಿ ಪಡೆದುಕೋ. ಒಂದೇ ಡಿಸ್ಟ್ರಿಕ್ಟಿನಲ್ಲಿ ವರ್ಷಕ್ಕೆ 100 ಪೂರ್ತಿ ದಿನ ಮಾಡಿದರೆ ಟೀಚರ್‌ಗಳ ಪಿಂಚಣಿ ಯೋಜನೆ ಕ್ಯಾಲ್‌ಸ್ಟರ್ಸ್‌ಗೆ ಸೇರುತ್ತೀಯ. ನಾಲ್ಕು ಕಡೆ ಹಂಚಿ ತಲಾ 25 ದಿನ ಮಾಡಿದರೆ ತಾನಾಗಿ ಸೇರುವುದಿಲ್ಲ. ಅದಕ್ಕೇ ನಾನು ಈಗ ಹತ್ತಿರದ ಒಂದೇ ಡಿಸ್ಟ್ರಿಕ್ಟಿಗೆ ಜಾಸ್ತಿ ದಿನ ಕೊಡುತ್ತೇನೆ, ಕೆಲಸ ಕಡಿಮೆ ಇದ್ದಾಗ ಮಾತ್ರ ಪಕ್ಕದ್ದು. ಒಂದೇ ಕಡೆ ಹೋಗುವುದರಿಂದ ಇನ್ನೊಂದು ಒಳ್ಳೆಯದಿದೆ. ಟೀಚರ್‌ಗಳು ಮುಖ ಗುರುತಿಟ್ಟು, ನಾಳೆ ನೀವೇ ಬನ್ನಿ ಅಂತ ಹೆಸರು ಹೇಳಿ ಕೇಳುತ್ತಾರೆ. ನಿನ್ನಂಥ ಗಣಿತದ ಟೀಚರ್ ಅಂತೂ ಹೈಸ್ಕೂಲುಗಳಿಗೆ ಬೇಕೇ ಬೇಕು.

ಹಾಗಾಗಿ ಮನೆಯನ್ನು ಯಜಮಾನರ ಆಫೀಸು, ಮಗಳ ಶಾಲೆ ನೋಡಿ ಹಿಡಿಯಿರಿ. ಬಾಡಿಗೆ ಕಡಿಮೆ ಅಂತ ದೂರದ ಟ್ರೇಸಿ, ಮೌಂಟನ್ ಹೌಸ್ ಊರುಗಳ ಕಡೆ ಹೋದರೂ ತಪ್ಪಿಲ್ಲ, ಆಗ ನಿನ್ನ ಕೆಲಸವನ್ನು ಅಲ್ಲಿಯ ಡಿಸ್ಟ್ರಿಕ್ಟಿನಲ್ಲೇ ನೋಡು. ಅಲ್ಲಿದ್ದುಕೊಂಡು ಸನ್ನಿವೇಲ್‌ಗೆ ಸಬ್ ಮಾಡಲು ಬರುತ್ತೇನೆ ಅಂದರೆ ಆಗುವ ಮಾತಲ್ಲ.

ಕಾಗದ ಪತ್ರ ಈಗಲೇ ಶುರು ಮಾಡು. ಪರ್ಮಿಟ್‌ಗೆ ಡಿಗ್ರಿ ಬೇಕು. ನಿನ್ನ ಬಿಎಸ್ಸಿ ಮೂರು ವರ್ಷದ್ದಾದರೆ ಇಲ್ಲಿಯ ನಾಲ್ಕು ವರ್ಷದ ಡಿಗ್ರಿಗೆ ಸಮ ಅಂತ ಒಪ್ಪಿಸುವುದು ಕಷ್ಟ, ಅದಕ್ಕೇ ಬಿಎಡ್ ಅನ್ನೂ ಜೊತೆಗೆ ಸೇರಿಸಿ ಮೌಲ್ಯಮಾಪನಕ್ಕೆ ಕೊಡು. ರಾಜ್ಯದ ಟೀಚರ್ ಕಮಿಷನ್ ಒಪ್ಪಿದ ಏಜೆನ್ಸಿಯೇ ಆಗಬೇಕು, ವೀಸಾಗೆ ಮಾಡಿಸಿದ್ದು ನಡೆಯುತ್ತದೆ ಅಂದ್ಕೋಬೇಡ. ಬೆರಳಚ್ಚು ಕೊಡಬೇಕು, ಡಿಸ್ಟ್ರಿಕ್ಟ್ ಬದಲಾದರೆ ಹಲವು ಕಡೆ ಮತ್ತೆ ಕೊಡಬೇಕು. ಆಮೇಲೆ ಟಿಬಿ ಪರೀಕ್ಷೆ. ನಮಗೆಲ್ಲ ಚಿಕ್ಕಂದಿನಲ್ಲಿ ಟಿಬಿ ಲಸಿಕೆ ಬಿಸಿಜಿ ಹಾಕಿಸಿರುತ್ತಾರೆ, ಚರ್ಮದ ಪರೀಕ್ಷೆಯಲ್ಲಿ ಸುಮ್ನೆ ಪಾಸಿಟಿವ್ ಬರಬಹುದು. ಹೆದರಬೇಡ, ಮೊದಲೇ ರಕ್ತ ಪರೀಕ್ಷೆ ಮಾಡಿಸಿ ಅಂತ ಕೇಳು.

ಯೂನಿವರ್ಸಿಟಿ ಅಂಕಪಟ್ಟಿಗಳು ನಿನ್ನ ಹತ್ತಿರ ಇವೆಯಾ, ದಾವಣಗೆರೆಯಲ್ಲೇ ಬಿಟ್ಟು ಬಂದಿದ್ದೀಯಾ? ಏಜೆನ್ಸಿಗಳು ಎಷ್ಟೋ ಸಲ ಯೂನಿವರ್ಸಿಟಿಯಿಂದಲೇ ಮುಚ್ಚಿದ ಲಕೋಟೆಯಲ್ಲಿ ಕಳಿಸಿ ಅನ್ನುತ್ತವೆ, ಅಲ್ಲಿ ಯಾರಾದರೂ ಕೌಂಟರಿಗೆ ಹೋಗಿ ನಿಲ್ಲಬೇಕಾಗುತ್ತದೆ. ಇವತ್ತೇ ಮನೆಗೆ ಫೋನ್ ಮಾಡಿ ಹೇಳು. ಇಲ್ಲಿ ಶಾಲೆ ಆಗಸ್ಟ್‌ನಲ್ಲಿ ಶುರುವಾಗುತ್ತದೆ.