ದೊಡ್ಡ ಮನುಷ್ಯ ಬರಲಿ ಅಂತ ಕಾಯಬೇಡಿ

ಸಾಗರ ತಾಲ್ಲೂಕಿನ ಅಡಿಕೆ ಬೆಳೆಗಾರರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಎಲೆಚುಕ್ಕೆ ರೋಗಕ್ಕೆ ತೋಟ ಸೊರಗಿದೆ. ಚಳಿಗಾಲ ಬಂದರೆ ಮಂಗನ ಕಾಯಿಲೆಯ ಹೆದರಿಕೆ. ಮಕ್ಕಳು ಬೆಂಗಳೂರು ಸೇರಿದ್ದಾರೆ. ಹಳ್ಳ ದಾಟುವ ಕಾಲುಸಂಕ ಮುರಿದು ಬಿದ್ದಿದೆ. ಕೊನೆಗೆ ಹೀಗೆ ಕೇಳುತ್ತಾರೆ: "ಮೊದಲೆಲ್ಲ ಊರಿಗೊಬ್ಬ ದೊಡ್ಡ ಮನುಷ್ಯ ಇರುತ್ತಿದ್ದ. ಅವನು ಹೇಳಿದರೆ ಕೆಲಸ ಆಗುತ್ತಿತ್ತು. ಈಗ ಪಂಚಾಯ್ತಿ ಮೆಂಬರುಗಳು, ಎಣ್ಣೆ ಬಾಟಲಿ ಹಿಡಿದು ತಿರುಗುವ ಆಶಾದವಳು ಬಿಟ್ಟರೆ ಯಾರಿದ್ದಾರೆ? ನಾಯಕ ಇಲ್ಲದ ಊರು ಉದ್ಧಾರ ಆಗುವುದು ಹೇಗೆ?"

ಸಂಪಾದಕರ ಉತ್ತರ:

ನಿಮ್ಮ ಬೇಸರ ಅರ್ಥವಾಗುತ್ತದೆ ಮಾರಾಯ್ರೇ. ಕೆಲವು ಕೆಲಸ ಮೇಲಿನವರೇ ಮಾಡಬೇಕು, ಊರವರು ಕೈಜೋಡಿಸಿದರೂ ಆಗುವಂಥದ್ದಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿನ್ನೀರು ನಿಂತಿತು. ನಾಡಿಗೆಲ್ಲ ಕರೆಂಟು ಹೋಯಿತು, ಆಚೆ ದಡದವರಿಗೆ ಸಿಕ್ಕಿದ್ದು ಲಾಂಚು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಬಂದದ್ದು 2025ರ ಜುಲೈಯಲ್ಲಿ. ಅದನ್ನು ಮುಯ್ಯಾಳು ಕರೆದು ಕಟ್ಟಲು ಆಗುತ್ತದೆಯೇ? ಇಷ್ಟು ಒಪ್ಪಿದೆ. ಇನ್ನು ಮುಂದೆ ಒಪ್ಪುವುದಿಲ್ಲ.

ಆ ಹಳೇ ಕಾಲದ ದೊಡ್ಡ ಮನುಷ್ಯನ ವಿಷಯ ನೀವು ಸಾಗರದಲ್ಲಿ ಕೂತು ಬರೆದಿದ್ದೀರಲ್ಲ, ಅದೇ ನನಗೆ ಸೋಜಿಗ. ನಿಮ್ಮದೇ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತದ್ದು ಯಾರ ವಿರುದ್ಧ? ಇಂಥ ದೊಡ್ಡ ಮನುಷ್ಯರಾಗಿದ್ದ ಜಮೀನಿನ ಒಡೆಯರ ವಿರುದ್ಧವೇ. ಗೇಣಿ ಭತ್ತ ಅಳೆಯುವ ಕೊಳಗದ ಅಳತೆಯಿಂದಲೇ ಜಗಳ ಶುರುವಾದದ್ದು. ದೊಡ್ಡ ಮನುಷ್ಯ ಹೇಳಿದರೆ ಕೆಲಸ ಆಗುತ್ತಿತ್ತು, ನಿಜ. ಬೇಡ ಅನ್ನುವ ಧೈರ್ಯ ಯಾರಿಗೂ ಇರಲಿಲ್ಲ, ಅದಕ್ಕೇ ಆಗುತ್ತಿತ್ತು. ಆ ಕಾಲ ವಾಪಸ್ ಬರಲಿ ಅಂತ ಹಾರೈಸುವವರು ಯಾವಾಗಲೂ ಜಗಲಿಯ ಮೇಲೆ ಕೂತವರೇ ಆಗಿರುತ್ತಾರೆ, ಅಂಗಳದಲ್ಲಿ ನಿಂತವರಲ್ಲ.

ಎಲೆಚುಕ್ಕೆಗೆ ಬರೋಣ. ನೀವು ಕಾಸು ಸುರಿದು ಔಷಧಿ ಹೊಡೆಸಿದಿರಿ, ಪಕ್ಕದ ತೋಟದವರು ಹೊಡೆಸಲಿಲ್ಲ, ರೋಗ ಮತ್ತೆ ಬಂತು ಅಂತ ಬರೆದಿದ್ದೀರಿ. ಬಾರದೆ ಏನು? ಅದು ಶಿಲೀಂಧ್ರ, ಗಾಳಿ ಮಳೆಯಲ್ಲಿ ಹರಡುತ್ತದೆ. ನಿಮ್ಮ ಬೇಲಿ ಅದಕ್ಕೆ ಕಾಣುವುದೂ ಇಲ್ಲ. ಒಂದು ಬಯಲಿನ ತೋಟದವರೆಲ್ಲ ಒಟ್ಟಿಗೆ ರೋಗದ ಸೋಗೆ ತೆಗೆದು ಸುಡಬೇಕು, ಒಟ್ಟಿಗೆ ಸಿಂಪಡಿಸಬೇಕು. ಈಗ ಹೇಳಿ, ಇದನ್ನು ಮಂತ್ರಿ ಬಂದು ಮಾಡಿಸಲು ಆಗುತ್ತದೆಯೇ? ಇಪ್ಪತ್ತು ಮನೆ ತಿರುಗಿ, ಮಾತು ಬಿಟ್ಟ ದಾಯಾದಿಗಳನ್ನು ಒಂದೇ ಚಾಪೆಯಲ್ಲಿ ಕೂರಿಸಿ, ಅಡಿಕೆ ಮರ ಹತ್ತುವ ಕೊನೆಗೌಡನ ದಿನಗಳನ್ನು ಹಂಚಿ, "ಸೋಮವಾರ ನಿಮ್ಮದು, ಮಂಗಳವಾರ ಅವರದು" ಅಂತ ಒಪ್ಪಿಸುವವರು ಬೇಕು. ಕಾಲುಸಂಕವೂ ಹೀಗೇ. ಶಾಶ್ವತ ಸಂಕ ಸರ್ಕಾರವೇ ಕಟ್ಟಲಿ. ಅಲ್ಲಿಯವರೆಗೆ ಪ್ರತಿ ಮಳೆಗಾಲದ ಮುಂಚೆ ಅಡಿಕೆ ಮರ ಜೋಡಿಸಿ ಕಟ್ಟುತ್ತಿದ್ದವರು ಯಾವ ನಾಯಕನಿಗೂ ಕಾದಿರಲಿಲ್ಲ.

ಅಡಿಕೆಗೆ ಬೆಲೆ ಕುಸಿದಾಗ ವಾರಣಾಶಿ ಸುಬ್ರಾಯ ಭಟ್ಟರು ಇದ್ದರಲ್ಲ ಅಂತ ನೀವು ಅನ್ನಬಹುದು. ಇದ್ದರು. ಅವರ ಮುಂದಾಳುತನದಲ್ಲೇ 1973ರಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಹುಟ್ಟಿತು. ಆದರೆ ಅದು ನಿಂತದ್ದು ಷೇರು ಹಣ ಕಟ್ಟಿ, ವ್ಯಾಪಾರಿಯ ಹಂಗು ಬಿಟ್ಟು ಮೂಟೆ ತಂದು ಹಾಕಿದ ಸಣ್ಣ ಬೆಳೆಗಾರರಿಂದ. ಅವರ ಫೋಟೋ ಯಾವ ಗೋಡೆಯ ಮೇಲೂ ಇಲ್ಲ.

ಈಗ ನನ್ನ ನಿಜವಾದ ತಕರಾರು. "ಎಣ್ಣೆ ಬಾಟಲಿ ಹಿಡಿದು ತಿರುಗುವ ಆಶಾದವಳು" ಅಂದಿರಲ್ಲ, ಆ ಎಣ್ಣೆ ಯಾಕೆ ಅಂತ ನಿಮಗೆ ಗೊತ್ತಿಲ್ಲದೆ ಇಲ್ಲ: ಮಂಗನ ಕಾಯಿಲೆ ಹರಡುವ ಉಣುಗು ಮೈಗೆ ಹತ್ತದಿರಲಿ ಅಂತ. 1957ರಲ್ಲಿ ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು ನಿಮ್ಮ ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ. ಇವತ್ತಿಗೂ ಅದಕ್ಕೆಂದೇ ಔಷಧಿ ಇಲ್ಲ. ಹಳೇ ಲಸಿಕೆ ಅಷ್ಟಾಗಿ ತಡೆಯುತ್ತಿರಲಿಲ್ಲ, 2022ರಲ್ಲಿ ಅದನ್ನೂ ನಿಲ್ಲಿಸಿದರು. ಉಳಿದಿರುವುದು ಮೈಗೆ ಹಚ್ಚುವ ಆ ಎಣ್ಣೆ ಮತ್ತು ಎಚ್ಚರ, ಅಷ್ಟೇ. ಉಣುಗಿನ ಮರಿಗಳು ಜಾಸ್ತಿಯಾಗುವುದು ಡಿಸೆಂಬರಿನಿಂದ ಬೇಸಿಗೆವರೆಗೆ. ಸೊಪ್ಪಿನ ಬೆಟ್ಟದಲ್ಲಿ ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸಿ ಕೊಟ್ಟಿಗೆಗೆ ತರುವುದೂ ಅದೇ ತಿಂಗಳುಗಳಲ್ಲಿ. ಅಡಿಕೆ ಮರಕ್ಕೆ ಗೊಬ್ಬರ ಎಲ್ಲಿಂದ ಬರುತ್ತದೋ ಜ್ವರವೂ ಅಲ್ಲಿಂದಲೇ ಬರುತ್ತದೆ. ಬೇಸಾಯ ಬೇರೆ, ಆರೋಗ್ಯ ಬೇರೆ ಅಂತ ಎರಡು ಇಲಾಖೆ ಮಾಡಿಕೊಂಡವರು ಪೇಟೆಯವರು. ದರಕಿನ ಹೆಡಿಗೆ ಹೊರುವ ಹೆಂಗಸಿಗೆ ಎರಡೂ ಒಂದೇ.

ತೀರ್ಥಹಳ್ಳಿ ಕಡೆ ಒಂದು ಮನೆಯಲ್ಲಿ ನಾನೇ ಕಂಡದ್ದು ಹೇಳುತ್ತೇನೆ. ಬೆಳಿಗ್ಗೆ ಏಳಕ್ಕೆ ಮೊದಲೇ ಆಶಾ ಕಾರ್ಯಕರ್ತೆ ಬಂದರು. ಮನೆಯ ಅಜ್ಜಿ ಕತ್ತಿ ಹಿಡಿದು ಬೆಟ್ಟಕ್ಕೆ ಹೊರಟಿದ್ದರು. "ಆ ನಾತದ ಎಣ್ಣೆ ನಂಗೆ ಬೇಡ್ವೇ" ಅಂತ ಅಜ್ಜಿ. ಈಕೆ ಮಾತಾಡಲಿಲ್ಲ. ನೆಲದ ಮೇಲೆ ಕೂತು, ಅಜ್ಜಿಯ ಕಾಲನ್ನು ತನ್ನ ತೊಡೆ ಮೇಲಿಟ್ಟುಕೊಂಡು, ಹಿಮ್ಮಡಿಯಿಂದ ಮಂಡಿವರೆಗೆ ಹಚ್ಚಿದರು. ಹಚ್ಚುತ್ತಲೇ ಕೇಳಿದರು: ನಿನ್ನೆ ಯಾರಿಗಾದರೂ ಜ್ವರ ಬಂತಾ, ಬೆಟ್ಟದಲ್ಲಿ ಮಂಗ ಸತ್ತು ಬಿದ್ದದ್ದು ಕಂಡಿರಾ, ಬಂದಮೇಲೆ ಬಿಸಿನೀರಲ್ಲಿ ಮಿಂದು ಬಟ್ಟೆಯನ್ನೂ ಬಿಸಿನೀರಿಗೆ ಹಾಕಿದಿರಾ? ಅಜ್ಜಿ ಗೊಣಗುತ್ತಲೇ ಎಲ್ಲಕ್ಕೂ ಉತ್ತರ ಕೊಟ್ಟರು. ಆ ಆಶಾ ಕಾರ್ಯಕರ್ತೆ ಹೇಳಿದರೆ ಕೆಲಸ ಆಗುತ್ತದೆ ಸ್ವಾಮಿ. ನಿಮಗೆ ಬೇಕಾದ ನಾಯಕ ಇನ್ನು ಹೇಗಿರಬೇಕು? ಜೀಪಿನಲ್ಲಿ ಬರಬೇಕೇ?

ನಿಮ್ಮನ್ನೊಬ್ಬರನ್ನೇ ಬೈದು ಏನು ಪ್ರಯೋಜನ. ನಮ್ಮ ಪತ್ರಿಕೆಗಳಿಗೂ ಮಂಗನ ಕಾಯಿಲೆ ನೆನಪಾಗುವುದು ಸಾವಾದಮೇಲೆ. 2019ರ ಹೊತ್ತಿಗೆ ನಿಮ್ಮದೇ ತಾಲ್ಲೂಕಿನ ಅರಳಗೋಡಿನಲ್ಲಿ ಜನ ಸತ್ತಾಗ ಎಲ್ಲರೂ ಕ್ಯಾಮೆರಾ ಹಿಡಿದು ಬಂದರು, ಮಳೆ ಬಿದ್ದದ್ದೇ ಜೋಗದ ಚಿತ್ರ ತೆಗೆಯಲು ತಿರುಗಿದರು. ಬೆಂಗಳೂರಿಗೆ ಮಲೆನಾಡು ಅಂದರೆ ಮಂಜು, ಹೋಂಸ್ಟೇ, ಶನಿವಾರ ಭಾನುವಾರ. ಹೋಂಸ್ಟೇಗೆ ಹೋಗುವ ರಸ್ತೆಗೆ ಬೇಗ ಡಾಂಬರು ಬೀಳುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಡಾಕ್ಟರು ಬೇಕು ಅಂದರೆ ಮಾತ್ರ "ಅಲ್ಲಿಗೆ ಯಾರೂ ಬರಲ್ಲ" ಅನ್ನುವ ಸಿದ್ಧ ಉತ್ತರ.

ಅಬ್ದುಲ್ ನಜೀರ್ ಸಾಬ್ ಇದ್ದರು, ಜನ ಪ್ರೀತಿಯಿಂದ ನೀರ್ ಸಾಬ್ ಅಂದರು. ಹಳ್ಳಿಯ ಅಧಿಕಾರ ಹಳ್ಳಿಯವರ ಕೈಗೇ ಬರಲಿ ಅಂತ 1980ರ ದಶಕದಲ್ಲಿ ಜಗಳ ಆಡಿದ ಮಂತ್ರಿ. ಈಗ ಪಂಚಾಯ್ತಿಯಲ್ಲಿ ಅರ್ಧ ಸೀಟು ಹೆಂಗಸರಿಗಿದೆ. ಗ್ರಾಮಸಭೆ ಕಾನೂನಿನಲ್ಲೇ ಇದೆ. ಅದಕ್ಕೆ ನೀವು ಹೋಗುತ್ತೀರಾ? ಪತ್ರದಲ್ಲಿ ಆ ಸುದ್ದಿಯೇ ಇಲ್ಲ. ಹೋದರೆ ಎಲೆಚುಕ್ಕೆಗೆ ಒಟ್ಟಿಗೆ ಸಿಂಪಡಿಸುವ ಮಾತು ಅಲ್ಲೇ ಎತ್ತಬಹುದು, ಸಂಕದ ಅರ್ಜಿಯನ್ನು ನಡಾವಳಿಗೆ ಬರೆಸಬಹುದು.

ಅಲ್ಲೇ ಇನ್ನೊಂದು ವಿಷಯವನ್ನೂ ಎತ್ತಿ. 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಗೌರವಧನ ಹೆಚ್ಚಿಸಿ ಅಂತ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಚಳಿಯಲ್ಲಿ ಕೂತರು. ಉಣುಗು ಏಳುವ ತಿಂಗಳದು, ಅವರು ಬೆಟ್ಟದ ಮನೆಗಳಲ್ಲಿ ಇರಬೇಕಾಗಿದ್ದ ಹೊತ್ತು. ತಿಂಗಳಿಗೆ ಕನಿಷ್ಠ 10,000 ರೂಪಾಯಿ ಅಂತ ಸರ್ಕಾರ ಮಾತು ಕೊಟ್ಟಮೇಲೆ ಎದ್ದರು. ನಿಮ್ಮೂರಿನ ಆಶಾಗೆ ಆ ದುಡ್ಡು ತಿಂಗಳು ತಿಂಗಳು ಸರಿಯಾಗಿ ಬರುತ್ತಿದೆಯೇ ಅಂತ ಸಭೆಯಲ್ಲಿ ಎದ್ದು ನಿಂತು ಕೇಳಿ. ಏನು ಉತ್ತರ ಬಂತು ಅಂತ ನಮಗೂ ಬರೆಯಿರಿ, ಅಚ್ಚು ಹಾಕುತ್ತೇವೆ.