ಟೀ ಹೊತ್ತಿಗೆ ಬೆಂಚಿಗೆ ಅಂಟಿಕೊಂಡು ಕೂರಬೇಡ

ಶಂಕರಘಟ್ಟದಲ್ಲಿ ಪಿಎಚ್.ಡಿ. ಮುಗಿಸಿ ಕೇಂಬ್ರಿಜ್‌ಗೆ ಪೋಸ್ಟ್‌ಡಾಕ್ (ಪಿಎಚ್.ಡಿ. ನಂತರದ ತಾತ್ಕಾಲಿಕ ಸಂಶೋಧಕಿ) ಆಗಿ ಬರುತ್ತಿದ್ದೀಯ, ಖುಷಿಯಾಯಿತು. 'ಚಳಿ ಹೇಗೆ, ಊಟ ಹೇಗೆ, ಬಾಸ್ ನನ್ನ ಐಡಿಯಾ ಕೇಳ್ತಾರಾ ಅಕ್ಕಾ?' ಅಂತ ಕೇಳಿದ್ದೀಯ. ಜಾಕೆಟ್ ಇಲ್ಲೇ ತಗೋ. ಅಕ್ಕಿ, ಬೇಳೆ ಸಿಗುತ್ತದೆ. ಅಪ್ಪೆಮಿಡಿ ಮಾತ್ರ ನೀನೇ ತರಬೇಕು. ಮಳೆ ಬಿಡು, ತೀರ್ಥಹಳ್ಳಿಯವರಿಗೆ ಇದು ಮಳೆಯೇ ಅಲ್ಲ. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೇ ಕತ್ತಲಾಗುತ್ತದೆ, ಅದು ಸ್ವಲ್ಪ ಬೇಜಾರು.

ಬಾಸ್ ವಿಷಯಕ್ಕೆ ಬರೋಣ. ಇಲ್ಲಿ ಸರ್, ಮೇಡಂ ಇಲ್ಲ, ಹೆಸರು ಹಿಡಿದೇ ಕರೆಯಬೇಕು. ಮೊದಮೊದಲು ನಾಲಿಗೆ ಏಳುವುದಿಲ್ಲ. ಮೀಟಿಂಗಿನಲ್ಲಿ ಮೊದಲ ವರ್ಷದ ಹುಡುಗನೊಬ್ಬ 'ಈ ಗ್ರಾಫಿಗೆ ಕಂಟ್ರೋಲ್, ಅಂದರೆ ಹೋಲಿಸಿ ನೋಡುವ ಪ್ರಯೋಗ, ಎಲ್ಲಿ?' ಅಂತ ಪ್ರೊಫೆಸರನ್ನೇ ಕೇಳುತ್ತಾನೆ. ಅವರು ಮುಖ ಗಂಟಿಕ್ಕದೆ 'ಹೌದಲ್ಲ' ಅಂತ ಬೋರ್ಡ್ ಒರೆಸುತ್ತಾರೆ. ಎಲ್ಲ ಲ್ಯಾಬೂ ಹೀಗೇ ಅಂತಲ್ಲ. ಮುಂಗೋಪದ ಬಾಸ್‌ಗಳು ಇಲ್ಲೂ ಇದ್ದಾರೆ. ಹೊರಡುವ ಮೊದಲೇ ಆ ಲ್ಯಾಬ್ ಬಿಟ್ಟುಹೋದವರನ್ನು ವಿಚಾರಿಸು.

ಟೀ ಹೊತ್ತಿನಲ್ಲಂತೂ ಲ್ಯಾಬಿನ ಬೆಂಚ್ ಬಿಟ್ಟು ಏಳು. ಸುಮ್ನೆ ಹರಟೆ ಅಂದುಕೊಂಡು ನಮ್ಮವರು ತಪ್ಪಿಸಿಕೊಳ್ಳುವುದೇ ಜಾಸ್ತಿ. ಇಲ್ಲಿನ ಎಂಆರ್‌ಸಿ (ಮೆಡಿಕಲ್ ರಿಸರ್ಚ್ ಕೌನ್ಸಿಲ್) ಮಾಲಿಕ್ಯುಲರ್ ಬಯಾಲಜಿ ಲ್ಯಾಬ್ 1962ರಲ್ಲಿ ಶುರುವಾದಾಗ ಅದರ ಮೊದಲ ಮುಖ್ಯಸ್ಥ ಮ್ಯಾಕ್ಸ್ ಪೆರುಟ್ಜ್ ಕ್ಯಾಂಟೀನಿನ ಬಗ್ಗೆಯೂ ಯೋಚಿಸಿದ್ದರು. ನೊಬೆಲ್ ಪಡೆದವರೂ ವಿದ್ಯಾರ್ಥಿಗಳೂ ಒಂದೇ ಕಡೆ ಕೂತು ಮಾತಾಡಲಿ ಅಂತ. ಅದನ್ನು ನೋಡಿಕೊಂಡವರು ಅವರ ಹೆಂಡತಿ ಗಿಸೆಲಾ. ನಮ್ಮಲ್ಲಿ ರಾತ್ರಿ ಅಡಿಕೆ ಸುಲಿಯುವಾಗ ಕೈಗೆ ಕೆಲಸ, ಬಾಯಿಗೆ ಬಿಡುವು. ಯಾರ ತೋಟಕ್ಕೆ ಕೊಳೆ ಬಂತು, ಯಾವಾಗ ಔಷಧಿ ಹೊಡೆದರು, ಎಲ್ಲ ಗೊತ್ತಾಗುವುದು ಅಲ್ಲೇ ಅಲ್ವಾ? ಇದೂ ಹಾಗೇ.

ಅದೇ ಪೆರುಟ್ಜ್ 1937ರಲ್ಲಿ ಕೈಗೆತ್ತಿಕೊಂಡ, ರಕ್ತದ ಹಿಮೋಗ್ಲೋಬಿನ್‌ನ ರಚನೆ ಕಂಡುಹಿಡಿಯುವ ಕೆಲಸ 1959ರವರೆಗೆ ಎಳೆಯಿತು. ಅಷ್ಟು ದಿನ ಕಾಯುವವರು ಈಗ ಕಡಿಮೆ ಮಾರಾಯ್ತಿ. ಪೋಸ್ಟ್‌ಡಾಕ್ ಕಾಂಟ್ರಾಕ್ಟ್ ಸಾಮಾನ್ಯವಾಗಿ ಎರಡು ಮೂರು ವರ್ಷ. ನಿನ್ನ ಸ್ವಂತ ಐಡಿಯಾಕ್ಕೆ ವಾರದಲ್ಲಿ ಎಷ್ಟು ಸಮಯ ಅಂತ ಮೊದಲ ತಿಂಗಳಲ್ಲೇ ಕೇಳಿಬಿಡು.

ವಾಪಸ್ ಹೋಗಿ ಶಿವಮೊಗ್ಗದಲ್ಲೇ ಮಂಗನ ಕಾಯಿಲೆ ಮೇಲೆ ಲ್ಯಾಬ್ ಕಟ್ಟಬೇಕು ಅಂದಿದ್ದೀಯಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಅದರ ಸುಳಿವು ಸಿಕ್ಕಿದ್ದು ಸತ್ತ ಮಂಗಗಳಿಂದ. ಈಗಲೂ ಸತ್ತ ಮಂಗ ಮೊದಲು ಕಣ್ಣಿಗೆ ಬೀಳುವುದು ಸೌದೆ, ದರಗು ತರಲು ಹೋದವರಿಗೆ. ಅವರೂ, ಆಶಾ ಕಾರ್ಯಕರ್ತೆಯರೂ ನಿನ್ನ ಲ್ಯಾಬಿನ ಟೀ ಮೇಜಿಗೆ ಬಂದು ಕೂರುವಂತಿರಲಿ. ಅವರು ಮಾತಾಡುವಾಗ ಮೇಡಂ ನಡುವೆ ಬಾಯಿ ಹಾಕಬಾರದು. ಆಗ ಮೇಡಂ ಅಂದರೆ ನೀನೇ.