ಯಾರ್ಕಿಯ ಹಿರೀಕರು ಗಿರಣಿಯಲ್ಲಿ ದುಡಿದವರು

ಪ್ರಶ್ನೆ: ನಮ್ಮ ಮನೆಯಲ್ಲಿ ಎರಡು ವರ್ಷದ ಯಾರ್ಕ್‌ಶೈರ್ ಟೆರಿಯರ್ ಇದೆ. ನೋಡಿದವರೆಲ್ಲ ‘ಇದು ಶ್ರೀಮಂತ ಹೆಂಗಸರ ತೊಡೆ ಮೇಲೆ ಕೂರೋಕೆ ಅಂತಲೇ ಹುಟ್ಟಿದ ಜಾತಿ’ ಅಂತಾರೆ. ಇದು ನೋಡಿದರೆ ಸೋಫಾ ಅಡಿ ಸಣ್ಣ ಸದ್ದಾದರೂ ಸಾಕು, ಮೂತಿ ತೂರಿಸಿ ಕೆರೆಯೋಕೆ ಶುರು ಮಾಡುತ್ತದೆ. ಈ ಬುದ್ಧಿ ಎಲ್ಲಿಂದ ಬಂತು?

ಉತ್ತರ: ನಾಯಿಯ ಬುದ್ಧಿ ಸರಿಯಾಗೇ ಇದೆ, ಜನ ಹೇಳುವ ಕತೆಯೇ ತಪ್ಪು. ಇದರ ಹಿರೀಕರ ಕೆಲಸ ಇಲಿ ಹಿಡಿಯೋದು. ಸಾಕಿದವರು ಕೂಲಿಕಾರರು.

19ನೇ ಶತಮಾನದ ನಡುವಿನಲ್ಲಿ ಸ್ಕಾಟ್ಲೆಂಡ್‌ನ ನೇಕಾರರು ಕೆಲಸ ಹುಡುಕಿಕೊಂಡು ಇಂಗ್ಲೆಂಡ್‌ನ ಯಾರ್ಕ್‌ಶೈರ್, ಲ್ಯಾಂಕಾಶೈರ್ ಕಡೆಗೆ ಬಂದರು. ಗಂಟುಮೂಟೆ ಜೊತೆ ತಮ್ಮ ಪುಟ್ಟ ಟೆರಿಯರ್‌ಗಳನ್ನೂ ಕರೆತಂದರು. ಬಟ್ಟೆ ಗಿರಣಿ ಅಂದರೆ ಇಲಿಗಳ ಕಾಟ ಇದ್ದದ್ದೇ. ಯಂತ್ರಗಳ ಸಂದಿಗೆ ನುಗ್ಗಿ ಇಲಿ ಎಳೆಯೋಕೆ ಇಂಥ ಚಿಕ್ಕ ನಾಯಿಯೇ ಬೇಕು. ಅಲ್ಲಿನ ನಾಯಿಗಳ ಜೊತೆ ಬೆರೆತು, ತಲೆಮಾರು ಕಳೆದ ಹಾಗೆ ಈ ರೇಷ್ಮೆಯಂಥ ಕೂದಲು ಬಂತು. ‘ಇದನ್ನೂ ಮಗ್ಗದಲ್ಲೇ ನೇಯ್ದಿದ್ದಾರೆ’ ಅಂತ ಜನ ನೇಕಾರರನ್ನು ರೇಗಿಸುತ್ತಿದ್ದರಂತೆ.

ಈ ತಳಿಯ ಮೂಲಪುರುಷ ಅಂತ ಎಲ್ಲರೂ ಒಪ್ಪುವ ನಾಯಿ ಹಡರ್ಸ್‌ಫೀಲ್ಡ್ ಬೆನ್, 1865ರಲ್ಲಿ ಹುಟ್ಟಿದ್ದು. ಪ್ರದರ್ಶನಗಳಲ್ಲಿ ಬಹುಮಾನ ಗೆದ್ದ ಈ ಚೆಂದದ ನಾಯಿ ಇಲಿ ಕೊಲ್ಲುವ ಪಂದ್ಯಗಳಲ್ಲೂ ಗೆಲ್ಲುತ್ತಿತ್ತು. 1871ರಲ್ಲಿ ಗಾಡಿಗೆ ಸಿಕ್ಕಿ ಸತ್ತುಹೋಯಿತು, ಪಾಪ, ಬರೀ ಆರು ವರ್ಷಕ್ಕೆ.

ಆಮೇಲೆ ದಿಕ್ಕು ಬದಲಾಯಿತು. ಪ್ರದರ್ಶನದಲ್ಲಿ ಕಂಡ ಸಿರಿವಂತರ ಮನೆಯ ಹೆಂಗಸರು ಇದನ್ನು ಮೆಚ್ಚಿದರು. 1886ರಲ್ಲಿ ನಾಯಿ ತಳಿಗಳ ದಾಖಲೆ ಇಡುವ ಬ್ರಿಟನ್ನಿನ ಸಂಸ್ಥೆ ಕೆನಲ್ ಕ್ಲಬ್‌ನ ಮಾನ್ಯತೆ ಸಿಕ್ಕಿತು. ಗಾತ್ರ ಇನ್ನೂ ಕುಗ್ಗಿತು, ಕೂದಲು ನೆಲ ಮುಟ್ಟಿತು. ಆ ಕೂದಲು ಹಾಳಾಗದಿರಲಿ ಅಂತ ಎಳೆ ಎಳೆಯಾಗಿ ಬಿಡಿಸಿ, ಕಾಗದದಲ್ಲಿ ಸುತ್ತಿ, ಮೈತುಂಬ ಪುಟ್ಟ ಪುಟ್ಟ ಗಂಟು ಕಟ್ಟುತ್ತಾರೆ. ಹಾಗೆ ಕಟ್ಟಿಸಿಕೊಂಡ ನಾಯಿ ಬಿಲಕ್ಕೆ ನುಗ್ಗೋದು ಎಲ್ಲಿಂದ ಬಂತು ಹೇಳಿ?

ನನಗೆ ಬೇಜಾರಾಗೋದು ಒಂದು ವಿಷಯಕ್ಕೆ. ಈ ತಳಿಯನ್ನು ಬೆಳೆಸಿದ ಗಿರಣಿಯವರು ಯಾವ ನಾಯಿಗೆ ಯಾವುದನ್ನು ಕೂಡಿಸಿದೆವು ಅಂತ ಬರೆದಿಡಲಿಲ್ಲ, ಕಣ್ಣಂದಾಜಲ್ಲೇ ಎಲ್ಲ ನಡೆಯಿತು. ಕ್ರಮವಾಗಿ ಬರೆದಿಡೋದು ಶುರುವಾಗುವ ಹೊತ್ತಿಗೆ ನಾಯಿ ಸಿರಿವಂತರ ತೊಡೆ ಸೇರಿಯಾಗಿತ್ತು. ಹಾಗಾಗಿ ಜನರ ಬಾಯಲ್ಲಿ ಆ ಕತೆಯೇ ಉಳಿದಿದೆ.

ಸೋಫಾ ಕೆರೆದರೆ ಬೈಯಬೇಡಿ. ಹಳೇ ಬಟ್ಟೆಯ ಸುರುಳಿಯೊಳಗೆ ತಿಂಡಿಯ ಚೂರು ಬಚ್ಚಿಟ್ಟು ಕೊಡಿ, ಮೂತಿ ತೂರಿಸಿ ಹುಡುಕಿಕೊಳ್ಳಲಿ.